ಉಪಗ್ರಹವಿರುವಾಗ ವೀಕ್ಷಕರೇಕೆ?

ಪ್ರಶ್ನೆ: ಪೆಸಿಫಿಕ್ ದ್ವೀಪರಾಷ್ಟ್ರ ಕಿರಿಬಾಟಿಯ ಕಡಲಿನಲ್ಲಿ ಟ್ಯೂನಾ ಮೀನು ಹಿಡಿಯುವ ಪ್ರತಿ ಹಡಗೂ ಎಲ್ಲಿದೆಯೆಂದು ಉಪಗ್ರಹದಿಂದಲೇ ತಿಳಿಯುತ್ತದೆ. ಹಾಗಿರುವಾಗ ಹಿಡಿದ ಮೀನಿನ ಲೆಕ್ಕವಿಡುವ ವೀಕ್ಷಕರನ್ನು ಹಡಗಿನಲ್ಲಿ ಇಡುವುದು ದುಂದುವೆಚ್ಚವಲ್ಲವೇ?

ಉತ್ತರ: ಈ ಪ್ರಶ್ನೆ ತಿಂಗಳಿಗೊಮ್ಮೆಯಾದರೂ ಬರುತ್ತಿರುವುದರಿಂದ ಈ ಸಲ ವಿವರವಾಗಿಯೇ ಉತ್ತರಿಸುತ್ತೇನೆ. 811 ಚದರ ಕಿಲೋಮೀಟರ್ ನೆಲವಿರುವ ದೇಶವು ಸುಮಾರು 35 ಲಕ್ಷ ಚದರ ಕಿಲೋಮೀಟರ್ ಕಡಲನ್ನು ಕಾಯಬೇಕಾದಾಗ ಉಪಗ್ರಹ ಸಂಕೇತ ಬೇಕೇ ಬೇಕು. ಟ್ಯೂನಾ ಮೀನುಗಾರಿಕೆಯನ್ನು ಒಟ್ಟಾಗಿ ನಿರ್ವಹಿಸುವ ನೌರು ಒಪ್ಪಂದದ ದೇಶಗಳು (ಕಿರಿಬಾಟಿಯೂ ಅವುಗಳಲ್ಲೊಂದು) 2007ರಿಂದ ಪರ್ಸೀನ್ ಹಡಗುಗಳಿಗೆ, ಅಂದರೆ ಮೀನಿನ ಹಿಂಡನ್ನೇ ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ ಹಡಗುಗಳಿಗೆ, ಮೀನು ಹಿಡಿಯುವ ದಿನಗಳನ್ನು ಮಾರುತ್ತಿದ್ದು, ಆ ದಿನಗಳ ಎಣಿಕೆಗೂ ಸಂಕೇತವೇ ಆಧಾರ. ಆದರೆ ಬಲೆಗೆ ಯಾವ ಮೀನು ಬಿತ್ತೆಂದು ಉಪಗ್ರಹಕ್ಕೆ ತಿಳಿಯುವುದಿಲ್ಲ. ಮೀನನ್ನು ಸೆಳೆಯಲು ತೇಲಿಬಿಟ್ಟ ತೆಪ್ಪದ ಸುತ್ತ ಬಲೆ ಹಾಕಿದಾಗ ಸ್ಕಿಪ್‌ಜ್ಯಾಕ್ ಟ್ಯೂನಾ ಜೊತೆಗೆ ಬಿಗ್‌ಐ ಮತ್ತು ಯೆಲ್ಲೋಫಿನ್ ಎಂಬ ಬೇರೆ ಜಾತಿಯ ಟ್ಯೂನಾಗಳ ಮರಿಗಳೂ ಸಿಗುತ್ತವೆ. ಈ ಎರಡು ಜಾತಿಯ ಮರಿಗಳಲ್ಲಿ ಯಾವುದು ಯಾವುದೆಂದು ಹೊರಗಿನಿಂದ ಗುರುತಿಸುವುದು ಅನುಭವಸ್ಥರಿಗೂ ಕಷ್ಟ. ಅನುಮಾನ ಬಂದರೆ ಹೊಟ್ಟೆ ಸೀಳಿ ಪಿತ್ತಜನಕಾಂಗವನ್ನು ನೋಡಬೇಕು. ಬಿಗ್‌ಐಯದರ ಮೇಲೆ ಸಣ್ಣ ಗೆರೆಗಳಿರುತ್ತವೆ, ಯೆಲ್ಲೋಫಿನ್‌ನದು ನುಣುಪಾಗಿರುತ್ತದೆ.

ವೀಕ್ಷಕರ ಲೆಕ್ಕದಲ್ಲೂ ತಪ್ಪು ನುಸುಳುತ್ತದೆ. ಬಲೆಯಿಂದ ಮೀನೆತ್ತುವ ಜಾಲರಿಯಿಂದ ಪ್ರತಿ ಸಲ ಐದು ಮೀನು ಹೆಕ್ಕುವಾಗ ಕೈ ತಾನಾಗಿಯೇ ದೊಡ್ಡದರತ್ತ ಹೋಗುತ್ತದೆ. ಆದ್ದರಿಂದಲೇ ಮೀನನ್ನು ತೊಟ್ಟಿಗೆ ಸುರಿದು, ಬಿದ್ದಷ್ಟನ್ನೂ ಅಳೆಯುವ ಕ್ರಮವನ್ನು ರೂಪಿಸಲಾಯಿತು. ವೀಕ್ಷಕರು ತುಂಬಿದ ಹಾಳೆಗಳನ್ನು ಕಪ್ತಾನರ ಲಾಗ್‌ಬುಕ್ಕಿನ ಪಕ್ಕದಲ್ಲಿಟ್ಟು ನಾನು ವರ್ಷಗಟ್ಟಲೆ ತಾಳೆ ನೋಡಿದ್ದೇನೆ. ತೆಪ್ಪದ ಬಳಿ ಬಲೆ ಹಾಕಿದ ದಿನವೂ ಬಿಗ್‌ಐ ಕಾಲಂ ಖಾಲಿಯಿದ್ದರೆ ಆ ಲಾಗ್‌ಬುಕ್ಕನ್ನು ನಾನು ಇಂದಿಗೂ ನಂಬುವುದಿಲ್ಲ.

ಕ್ಯಾಮೆರಾ ಕೂರಿಸಿದರೆ ಕಂಪ್ಯೂಟರೇ ಎಲ್ಲ ಎಣಿಸುತ್ತದೆಂದು ಹೇಳಿಕೊಂಡು ತಂತ್ರಾಂಶ ಮಾರುವವರ ಮಾತಿಗೆ ಮರುಳಾಗಬೇಡಿ. ಉದ್ದನೆಯ ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟುವುದರಿಂದ ಮೀನು ಒಂದೊಂದಾಗಿ ಮೇಲೆ ಬರುವ ಲಾಂಗ್‌ಲೈನ್ ಹಡಗುಗಳಿಗೆ ಕ್ಯಾಮೆರಾ ನಿಜಕ್ಕೂ ಒಗ್ಗುತ್ತದೆ, ಅಲ್ಲಿ ಅದರ ಅಗತ್ಯವೂ ಹೆಚ್ಚು. ಪರ್ಸೀನ್ ಹಡಗುಗಳಿಗೆ 2010ರಿಂದ ನೂರಕ್ಕೆ ನೂರು ವೀಕ್ಷಕರ ನಿಯಮವಿದ್ದರೆ, ಲಾಂಗ್‌ಲೈನ್‌ಗೆ ನಿಗದಿಯಾದದ್ದು ಶೇಕಡಾ 5 ಮಾತ್ರ. ಟನ್ನುಗಟ್ಟಲೆ ಮೀನು ಒಮ್ಮೆಗೇ ಸುರಿಯುವ ಪರ್ಸೀನ್ ಹಡಗಿನಲ್ಲಿ ಮರಿಗಳನ್ನು ಬೇರ್ಪಡಿಸಲು ಮನುಷ್ಯರೇ ಬೇಕು. ಈ ವೀಕ್ಷಕರು ಅಪರಿಚಿತರ ನಡುವೆ ವಾರಗಟ್ಟಲೆ ಒಂಟಿಯಾಗಿರುತ್ತಾರೆ. ಕಡಲಿನಲ್ಲೇ ಸತ್ತವರಿದ್ದಾರೆ, ಕಾಣೆಯಾದವರಿದ್ದಾರೆ. ಕಪ್ತಾನರ ಹಂಗಿಲ್ಲದೆ ದಡವನ್ನು ಸಂಪರ್ಕಿಸುವ ಸ್ವಂತ ಉಪಕರಣ ಕೈಯಲ್ಲಿಲ್ಲದೆ ಯಾವ ವೀಕ್ಷಕರೂ ಹಡಗು ಹತ್ತಬಾರದು.

ಪ್ರಶ್ನೆ: ವಿದೇಶಿ ಹಡಗುಗಳನ್ನು ನಿಷೇಧಿಸಬಾರದೇಕೆ?

ಉತ್ತರ: ಸರ್ಕಾರದ ಆದಾಯದ ಅರ್ಧಕ್ಕೂ ಹೆಚ್ಚು ಪಾಲು ಆ ಹಡಗುಗಳ ಶುಲ್ಕದಿಂದಲೇ ಬರುತ್ತದೆ. ಶಾಲೆ, ಆಸ್ಪತ್ರೆಗಳಿಗೆ ಬೇರೆ ಹಣ ಎಲ್ಲಿಂದ ಬರಬೇಕೆಂದು ಮೊದಲು ತಿಳಿಸಿ.

ಪ್ರಶ್ನೆ: ಕಿರಿಬಾಟಿಯಲ್ಲಿ ಒಂದು ವರ್ಷ ಹೆಚ್ಚು ಮೀನು ಸಿಕ್ಕರೆ ಸಂತತಿ ಹೆಚ್ಚಿದೆಯೆಂದಲ್ಲವೇ?

ಉತ್ತರ: ಅಲ್ಲ. ಎಲ್ ನಿನೊ ವರ್ಷಗಳಲ್ಲಿ ಬೆಚ್ಚನೆಯ ನೀರಿನೊಂದಿಗೆ ಸ್ಕಿಪ್‌ಜ್ಯಾಕ್ ಹಿಂಡುಗಳು ಪೂರ್ವಕ್ಕೆ, ಕಿರಿಬಾಟಿಯ ಕಡೆಗೆ ಸರಿಯುತ್ತವೆ.