ಪದ್ಮಿನಿಯ ಡೋರ್ ಪ್ಯಾಡ್ ಬಿಚ್ಚುವ ಮುಂಚೆ ನೀರಿನ ದಾರಿ ಹುಡುಕಿ

ನಮಸ್ಕಾರ ಸಾರ್. ಮಂಡ್ಯದಿಂದ ನೀವು ಹಾಕಿದ ಫೋಟೋ ನೋಡಿದೆ. ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿ. ಡ್ರೈವರ್ ಕಡೆಯ ಡೋರ್ ಪ್ಯಾಡ್ (ಬಾಗಿಲಿನ ಒಳಮೈಗೆ ಕೂರಿಸಿದ, ರೆಕ್ಸಿನ್ ಹೊದಿಸಿದ ಹಾರ್ಡ್‌ಬೋರ್ಡು) ಕೆಳಗಡೆ ಉಬ್ಬಿ ರೆಕ್ಸಿನ್ ಎದ್ದಿದೆ, ಗಾಜು ಇಳಿಸೋಕೆ ಕೈ ನೋಯುತ್ತೆ, ಮಳೆ ಬಂದ ಮಾರನೇ ದಿನ ಕಾಲಡಿಯ ಮ್ಯಾಟ್ ಒದ್ದೆ. ಸೀಟ್ ಕೆಲಸದವರು ನಾಲ್ಕೂ ಬಾಗಿಲಿಗೆ ಹೊಸ ಬೋರ್ಡು, ಹೊಸ ರೆಕ್ಸಿನ್ ಹಾಕಿ ಒಂದೇ ದಿನದಲ್ಲಿ ಕೊಡ್ತೀವಿ ಅಂದಿದ್ದಾರೆ. ಅವರಿಗೆ ಕೊಡಲಾ, ನಾನೇ ಬಿಚ್ಚಲಾ ಅಂತ ನಿಮ್ಮ ಪ್ರಶ್ನೆ.

ನೀವೇ ಬಿಚ್ಚಿ ಸಾರ್. ದುಡ್ಡು ಉಳಿಯುತ್ತೆ ಅನ್ನೋದಕ್ಕಲ್ಲ, ಪ್ಯಾಡ್ ಹಿಂದೆ ಏನಾಗಿದೆ ಅಂತ ನಿಮ್ಮ ಕಣ್ಣಲ್ಲೇ ನೋಡಬೇಕು ಅಂತ. ಹಾರ್ಡ್‌ಬೋರ್ಡು ತಾನಾಗಿ ಉಬ್ಬಲ್ಲ, ನೀರು ಕುಡಿದು ಉಬ್ಬುತ್ತೆ. ಆ ನೀರು ಎಲ್ಲಿಂದ ಬಂತು ಅಂತ ಹುಡುಕದೆ ಹೊಸ ಪ್ಯಾಡ್ ಹೊಡೆದರೆ ಎರಡು ಮಳೆಗಾಲದಲ್ಲಿ ಮತ್ತೆ ಅದೇ ಕಥೆ, ಅಷ್ಟರಲ್ಲಿ ಬಾಗಿಲಿನ ತಳದ ತಗಡೂ ಹೋಗಿರುತ್ತೆ. ಮೈಸೂರಲ್ಲಿ ಇಂಥ ಬಾಗಿಲು ಬಹಳ ನೋಡಿದ್ದೀನಿ. ಹೊರಗೆ ಕನ್ನಡಿಯಂಥ ಪೇಂಟ್, ಒಳಗೆ ತಳದಲ್ಲಿ ಬೆರಳು ತೂರುವಷ್ಟು ತುಕ್ಕು.

ಒಂದು ವಿಷಯ ಮೊದಲೇ ತಿಳ್ಕೊಳ್ಳಿ: ಬಾಗಿಲಿನ ಒಳಗೆ ನೀರು ಹೋಗೋದೇ ತಪ್ಪಲ್ಲ. ಗಾಜಿನ ಮೇಲೆ ಬಿದ್ದ ಮಳೆ ಹೊರಗಿನ ಬೀಡಿಂಗ್ (ಗಾಜಿನ ಬುಡದ ರಬ್ಬರ್ ಪಟ್ಟಿ) ದಾಟಿ ಸ್ವಲ್ಪ ಒಳಗೆ ಇಳಿದೇ ಇಳಿಯುತ್ತೆ, ಎಲ್ಲ ಕಾರಲ್ಲೂ ಹಾಗೇ. ಅದು ಬಾಗಿಲಿನ ತಳಕ್ಕೆ ಬಂದು ಅಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ಪ್ಯಾಡ್‌ಗೂ ಬಾಗಿಲಿನ ತಗಡಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇದ್ದು, ಬೋರ್ಡಿಗೆ ನೀರು ತಾಗದ ಹಾಗೆ ತಡೀಬೇಕು. ನಮ್ಮ ಹಳೇ ಗಾಡಿಗಳಲ್ಲಿ ಎಷ್ಟೋ ಸಲ ತೂತು ಮಣ್ಣಿನಿಂದ ಮುಚ್ಚಿರುತ್ತೆ, ಹಾಳೆಯನ್ನ ಯಾವ ಕಾಲದಲ್ಲೋ ಯಾರೋ ಗ್ಲಾಸ್ ಮೆಷಿನ್ (ಗಾಜು ಏರಿಸಿ ಇಳಿಸುವ ಯಂತ್ರ) ರಿಪೇರಿಗೆ ಅಂತ ಹರಿದು ಎಸೆದಿರುತ್ತಾರೆ. ನಿಮ್ಮ ಫೋಟೋದಲ್ಲಿ ಉಬ್ಬು ಕೆಳಗಿನ ನಾಲ್ಕು ಬೆರಳಗಲದಲ್ಲಿ ಮಾತ್ರ ಇರೋದು ನೋಡಿದರೆ ನಿಮ್ಮದೂ ಇದೇ ಅನ್ನಿಸುತ್ತೆ.

ಈಗ ಬಿಚ್ಚುವ ಕೆಲಸ. ಬಿಸಿಲಿರುವ ದಿನ ನೋಡಿ ಶುರು ಮಾಡಿ. ತಣ್ಣಗಿರುವಾಗ ಹಳೇ ರೆಕ್ಸಿನ್ ಗಡುಸಾಗಿ ಸೀಳುತ್ತೆ, ಬೆಳಗ್ಗೆ ಬಾಗಿಲು ತೆಗೆದು ಬಿಸಿಲಿಗೆ ಬಿಟ್ಟರೆ ಮೆತ್ತಗಾಗುತ್ತೆ. ಗಾಜನ್ನ ಪೂರ್ತಿ ಮೇಲೆ ಏರಿಸಿ. ಗಾಜು ಇಳಿಸುವ ಹ್ಯಾಂಡಲ್, ಬಾಗಿಲು ತೆಗೆಯುವ ಹ್ಯಾಂಡಲ್ ಎರಡೂ ಯಾವ ಕೋನದಲ್ಲಿ ನಿಂತಿವೆ ಅಂತ ಫೋನಲ್ಲಿ ಫೋಟೋ ತೆಗೀರಿ, ವಾಪಸ್ ಹಾಕುವಾಗ ಒಂದು ಹಲ್ಲು ಆಚೀಚೆ ಆದರೂ ಹ್ಯಾಂಡಲ್ ಮೊಣಕಾಲಿಗೆ ಬಡಿಯುತ್ತೆ. ಆರ್ಮ್‌ರೆಸ್ಟ್ ಇದ್ದರೆ ಕೆಳಗಿನಿಂದ ಸ್ಕ್ರೂ ಇರುತ್ತೆ, ಅದು ಸುಲಭ.

ಎಲ್ಲರೂ ಎಡವೋದು ಗಾಜಿನ ಹ್ಯಾಂಡಲ್ ಹತ್ತಿರ. ಮೇಲೆ ಸ್ಕ್ರೂ ಕಾಣಲ್ಲ ಅಂತ ಸ್ಕ್ರೂಡ್ರೈವರ್ ತೂರಿಸಿ ಮೀಟುತ್ತಾರೆ, ಹ್ಯಾಂಡಲ್ ಮುರಿಯುತ್ತೆ, ಇಲ್ಲಾ ಬೋರ್ಡು ಒಡೆಯುತ್ತೆ. ಹ್ಯಾಂಡಲ್ ಬುಡದಲ್ಲಿ ದುಂಡಗಿನ ಬಿಲ್ಲೆ ಇದೆಯಲ್ಲ, ಅದನ್ನ ಎರಡು ಹೆಬ್ಬೆರಳಲ್ಲಿ ಪ್ಯಾಡ್ ಕಡೆಗೆ ಒತ್ತಿ ಹಿಡೀರಿ. ಹಿಂದಿನ ಸ್ಪ್ರಿಂಗ್ ಕುಗ್ಗಿ ಸಂದು ಬಿಡುತ್ತೆ. ಟಾರ್ಚ್ ಹಾಕಿ ನೋಡಿ. ಅಡ್ಡಕ್ಕೆ ತೂರಿಸಿದ ಸಣ್ಣ ಪಿನ್ ಕಾಣಬಹುದು, ಇಲ್ಲವೇ ಕುದುರೆ ಲಾಳದ ಆಕಾರದ ತಂತಿ ಕ್ಲಿಪ್ ಕಾಣಬಹುದು. ಇಷ್ಟು ವರ್ಷದಲ್ಲಿ ಎಷ್ಟು ಕೈ ಬದಲಾಗಿದೆಯೋ, ಒಂದು ಬಾಗಿಲಲ್ಲಿ ಒಂದು ಥರ ಇನ್ನೊಂದರಲ್ಲಿ ಇನ್ನೊಂದು ಥರ ಇದ್ದರೂ ಗಾಬರಿ ಬೇಡ. ಪಿನ್ ಆದರೆ ಅದಕ್ಕಿಂತ ಸಣ್ಣ ಮೊಳೆಯ ತುದಿ ಚಪ್ಪಟೆ ಮಾಡಿಕೊಂಡು ಇನ್ನೊಂದು ಕಡೆಗೆ ತಳ್ಳಿ. ಒಬ್ಬರು ಬಿಲ್ಲೆ ಒತ್ತಿ ಹಿಡಿದರೆ ಇನ್ನೊಬ್ಬರು ಪಿನ್ ತಳ್ಳೋದು ಸುಲಭ. ಲಾಳದ ಕ್ಲಿಪ್ ಆದರೆ ತೆಳು ಬಟ್ಟೆಯ ಪಟ್ಟಿಯೊಂದನ್ನ ಹ್ಯಾಂಡಲ್ ಮತ್ತು ಬಿಲ್ಲೆಯ ಸಂದಿಗೆ ತೂರಿಸಿ, ಎರಡೂ ತುದಿ ಹಿಡಿದು ಆಚೆ ಈಚೆ ಉಜ್ಜಿ ಎಳೀರಿ. ಬಟ್ಟೆ ಕ್ಲಿಪ್ಪಿನ ತುದಿಗೆ ಸಿಕ್ಕಿ ಅದನ್ನ ಹೊರಗೆ ಎಳೆದು ತರುತ್ತೆ. ಹಾರಿ ಹೋಗುತ್ತೆ, ಇನ್ನೊಂದು ಕೈ ಅಡ್ಡ ಇಟ್ಟಿರಿ. ಸ್ಪ್ರಿಂಗ್, ಬಿಲ್ಲೆ, ಪಿನ್ ಮೂರನ್ನೂ ಒಂದು ಬೆಂಕಿಪೊಟ್ಟಣದಲ್ಲಿ ಹಾಕಿ ಮೇಲೆ ಯಾವ ಬಾಗಿಲು ಅಂತ ಬರೀರಿ. ಈ ಗಾಡಿಯ ತಯಾರಿ ನಿಂತು ಎರಡು ದಶಕ ದಾಟಿದೆ, ಮುಂಬೈನ ಪದ್ಮಿನಿ ಟ್ಯಾಕ್ಸಿಗಳೂ 2023ರಲ್ಲಿ ರಸ್ತೆಯಿಂದ ಇಳಿದವು. ಟ್ಯಾಕ್ಸಿ ಇದ್ದಷ್ಟು ದಿನ ಸಾಮಾನು ಓಡಾಡುತ್ತಿತ್ತು, ಇನ್ನು ಮುಂದೆ ಒಂದೊಂದು ಕ್ಲಿಪ್ಪೂ ಲೆಕ್ಕಕ್ಕೆ ಬರುತ್ತೆ.

ಪ್ಯಾಡ್ ಸುತ್ತ ಉಕ್ಕಿನ ಸ್ಪ್ರಿಂಗ್ ಕ್ಲಿಪ್‌ಗಳು ಬಾಗಿಲಿನ ತೂತಿಗೆ ಕಚ್ಚಿಕೊಂಡಿರುತ್ತವೆ. ಅಗಲವಾದ, ತೆಳುವಾದ ಏನಾದರೂ ತಗೊಳ್ಳಿ, ಪೇಂಟರ್ ಬಳಸುವ ಪುಟ್ಟಿ ಬ್ಲೇಡಿಗೆ ಟೇಪ್ ಸುತ್ತಿದರೆ ಸಾಕು. ಕೆಳಗಿನ ಮೂಲೆಯಿಂದ ಶುರು ಮಾಡಿ, ಬ್ಲೇಡನ್ನ ಕ್ಲಿಪ್ ಇರುವ ಜಾಗದ ಪಕ್ಕಕ್ಕೇ ತಗೊಂಡು ಹೋಗಿ ಅಲ್ಲಿ ಮೀಟಿ. ಎರಡು ಕ್ಲಿಪ್ ನಡುವೆ ಮೀಟಿದರೆ ನೆನೆದ ಬೋರ್ಡು ಹಪ್ಪಳದ ಹಾಗೆ ಮುರಿಯುತ್ತೆ. ಎಲ್ಲಾ ಬಿಟ್ಟ ಮೇಲೂ ಮೇಲಿನ ಅಂಚು ಅಲುಗದಿದ್ದರೆ ನಿಮ್ಮ ಕಡೆ ಎಳೀಬೇಡಿ, ಮೇಲಕ್ಕೆ ಎತ್ತಿ ನೋಡಿ.

ಪ್ಯಾಡ್ ಬಂತಾ? ತಕ್ಷಣ ಕ್ಲೀನ್ ಮಾಡಬೇಡಿ. ಮೊದಲು ನೋಡಿ. ಬಾಗಿಲಿನ ತಳದಲ್ಲಿ ಎಲೆ, ಮಣ್ಣು, ಹಳೇ ಬೀಡಿಂಗ್ ಚೂರು ಸೇರಿ ಗಟ್ಟಿಯಾದ ಕೆಸರು ಸಿಗುತ್ತೆ. ಗಾಡಿ ಗದ್ದೆ ಬದಿಯ ಶೆಡ್ಡಲ್ಲಿ ನಿಲ್ಲೋದಾದರೆ ಇಲಿ ಗೂಡೂ ಇರಬಹುದು. ಕಬ್ಬು ಕಟಾವಾದ ಮೇಲೆ ಅವು ಬೆಚ್ಚಗಿನ ಜಾಗ ಹುಡುಕಿಕೊಂಡು ಬರ್ತವೆ, ಫ್ಲೋರಿನ ರಬ್ಬರ್ ಬಿಲ್ಲೆ ಬಿದ್ದ ತೂತೇ ಅವಕ್ಕೆ ಬಾಗಿಲು. ಹಿಕ್ಕೆ ಕಂಡರೆ ಡ್ಯಾಶ್‌ಬೋರ್ಡ್ ಕೆಳಗಿನ ವೈರಿಂಗ್ ಕೂಡ ನೋಡಲೇಬೇಕು, ಅಲ್ಲಿಗೆ ಕೈ ಹಾಕುವ ಮುಂಚೆ ಬ್ಯಾಟರಿಯ ಅರ್ತ್ ವೈರ್ ತೆಗೆದಿಡಿ.

ಕೆಸರೆಲ್ಲ ಕೈಯಲ್ಲಿ ತೆಗೆದು, ತಳದ ತೂತುಗಳನ್ನ ಬಗ್ಗಿಸಿದ ತಂತಿಯಲ್ಲಿ ಬಿಡಿಸಿ. ಡ್ರಿಲ್ ಹಾಕಿ ದೊಡ್ಡದು ಮಾಡಬೇಡಿ, ಪೇಂಟ್ ಎದ್ದ ಅಂಚಿಂದಲೇ ತುಕ್ಕು ಶುರುವಾಗುತ್ತೆ. ಆಮೇಲೆ ಒಬ್ಬರು ಹೊರಗಿನಿಂದ ಚೊಂಬಲ್ಲಿ ಗಾಜಿನ ಮೇಲೆ ನಿಧಾನಕ್ಕೆ ನೀರು ಬಿಡಲಿ, ನೀವು ಒಳಗೆ ಕೂತು ಟಾರ್ಚ್ ಹಿಡಿದು ನೋಡಿ. ನೀರು ಒಳಗೋಡೆ ಹಿಡಿದು ಇಳಿದು ತಳದ ತೂತಿಂದ ಹೊರಗೆ ಬಿದ್ದರೆ ಬಾಗಿಲು ಸರಿ ಇದೆ. ಧಾರೆಯಾಗಿ ಬಂದರೆ ಗಾಜಿನ ಹೊರ ಬೀಡಿಂಗ್ ಸತ್ತಿದೆ, ಬದಲಾಯಿಸಿ. ಮುಂದಿನ ತ್ರಿಕೋನ ಗಾಜಿನ ರಬ್ಬರನ್ನೂ ಇದೇ ಹೊತ್ತಲ್ಲಿ ಪರೀಕ್ಷೆ ಮಾಡಿ, ಅದರ ಕೆಳಮೂಲೆ ತುಂಬಾ ಜನ ಮರೆಯುವ ಜಾಗ.

ಕಾಲಡಿ ಒದ್ದೆಗೆ ಬಾಗಿಲೊಂದೇ ಕಾರಣ ಅಂದ್ಕೋಬೇಡಿ. ಮ್ಯಾಟ್, ಅದರ ಕೆಳಗಿನ ಸೆಣಬಿನ ಫೆಲ್ಟ್ ಎಲ್ಲ ಎತ್ತಿ, ಒಣಗಿದ ಫ್ಲೋರಿನ ಮೇಲೆ ನ್ಯೂಸ್‌ಪೇಪರ್ ಹಾಸಿ. ಬಾಗಿಲು ಮುಚ್ಚಿ ಮುಂದಿನ ಗಾಜಿನ ರಬ್ಬರ್ ಮೇಲೆ ನೀರು ಬಿಡಿ, ಕೆಳಗಿನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗಿ, ಪ್ರತಿ ಜಾಗದಲ್ಲೂ ಐದು ನಿಮಿಷ ಕಾಯಿರಿ. ಮೇಲಿನಿಂದ ಶುರು ಮಾಡಿದರೆ ಎಲ್ಲಾ ಕಡೆ ಹರಿದು ಎಲ್ಲಿಂದ ಬಂತು ಅಂತ ಗೊತ್ತೇ ಆಗಲ್ಲ. ಪೇಪರ್ ಮೊದಲು ನೆನೆದ ಜಾಗವೇ ನಿಮಗೆ ದಾರಿ ಹೇಳುತ್ತೆ. ಆ ಫೆಲ್ಟ್ ಮಾತ್ರ ವಾಪಸ್ ಹಾಕಬೇಡಿ ಸಾರ್, ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತೇವ ಹಿಡಿದೇ ಇರುತ್ತೆ.

ಫ್ಲೋರನ್ನ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಠಣ್ ಅಂದರೆ ಗಟ್ಟಿ, ಮಂಕು ಸದ್ದು ಬಂದರೆ ಅಲ್ಲಿ ತಗಡು ತೆಳುವಾಗಿದೆ ಅಥವಾ ಹಳೇ ಪುಟ್ಟಿ ತುಂಬಿದ್ದಾರೆ. ಇದು ಯಾಕೆ ಮುಖ್ಯ ಅಂದ್ರೆ, ನಿಮ್ಮ ಪದ್ಮಿನಿ ಫಿಯೆಟ್ 1100ರ ವಂಶದ್ದು, ಅದಕ್ಕೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಚಾಸಿಸ್. ಬಾಗಿಲ ಕೆಳಗಿನ ಹೊಸ್ತಿಲು, ಫ್ಲೋರು ಎರಡೂ ಗಾಡಿಯ ಭಾರ ಹೊರುತ್ತವೆ. ಒಂದು ಪರೀಕ್ಷೆ ಮಾಡಿ: ಗಾಡಿ ನೆಲದ ಮೇಲಿರುವಾಗ ಬಾಗಿಲಿನ ಸುತ್ತಲಿನ ಸಂದು ನೋಡಿ, ಆಮೇಲೆ ಒಂದು ಪಕ್ಕ ಜ್ಯಾಕ್ ಕೊಟ್ಟು ಮತ್ತೆ ನೋಡಿ. ಸಂದು ಗಮನಕ್ಕೆ ಬರುವಷ್ಟು ಬದಲಾದರೆ, ಬಾಗಿಲು ಹಾಕೋಕೆ ಬಿಗಿ ಬಂದರೆ ಹೊಸ್ತಿಲು ಸೋತಿದೆ ಅಂತ ಅರ್ಥ. ಆಗ ರೆಕ್ಸಿನ್ ಮಾತು ಬಿಟ್ಟು ಒಳ್ಳೇ ಟಿಂಕರ್ ಹುಡುಕಿ. ಕೊಳೆತ ತಗಡು ಕತ್ತರಿಸಿ ಹೊಸದನ್ನ ವೆಲ್ಡ್ ಮಾಡೋರು ಬೇಕು, ಮೇಲೊಂದು ತೇಪೆ ಕೂರಿಸಿ ಪುಟ್ಟಿ ಬಳಿಯೋರು ಬೇಡ. ವೆಲ್ಡಿಂಗ್ ಮುಂಚೆ ಸೀಟು, ಫೆಲ್ಟ್, ಪ್ಯಾಡ್ ಎಲ್ಲ ಹೊರಗೆ, ಬ್ಯಾಟರಿ ಹೊರಗೆ, ಪಕ್ಕದಲ್ಲಿ ನೆನೆಸಿದ ಗೋಣಿಚೀಲ ಮತ್ತು ಬೆಂಕಿ ಆರಿಸುವ ಸಿಲಿಂಡರ್. ಇದರಲ್ಲಿ ರಾಜಿ ಬೇಡ.

ಮೇಲ್ಮೈ ತುಕ್ಕು ಮಾತ್ರ ಇದ್ದರೆ ವೈರ್ ಬ್ರಷ್, ರಸ್ಟ್ ಕನ್ವರ್ಟರ್ (ತುಕ್ಕಿನ ಮೇಲೆ ಹಚ್ಚಿ ಅದನ್ನ ತಡೆಯುವ ದ್ರವ), ಪ್ರೈಮರ್, ಪೇಂಟ್. ಒಣಗಿದ ಮೇಲೆ ಬಾಗಿಲಿನ ಒಳತಳಕ್ಕೆ ತುಕ್ಕು ತಡೆಯುವ ವ್ಯಾಕ್ಸ್ ಹೊಡೆಯಿರಿ, ತೂತು ಮುಚ್ಚದ ಹಾಗೆ.

ಗಾಜು ಬಿಗಿಯಾಗಿರೋದಕ್ಕೂ ಈಗಲೇ ಮದ್ದು. ಗಾಜಿಗೆ ಮರದ ತುಂಡು ಆನಿಸಿ ನಿಲ್ಲಿಸಿ, ಇಲ್ಲದಿದ್ದರೆ ಕೈ ಮೇಲೆ ಇಳಿಯುತ್ತೆ. ಗ್ಲಾಸ್ ಮೆಷಿನ್ನಿನ ಹಳೇ ಒಣ ಗ್ರೀಸ್ ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ಹಚ್ಚಿ. ಗಾಜು ಓಡಾಡುವ ಫೆಲ್ಟ್ ಚಾನಲ್‌ಗೆ ಮಾತ್ರ ಗ್ರೀಸ್, ಎಣ್ಣೆ ಯಾವುದೂ ಬೇಡ, ಧೂಳು ಹಿಡಿದು ಇನ್ನೂ ಬಿಗಿಯಾಗುತ್ತೆ. ಸಿಲಿಕೋನ್ ಸ್ಪ್ರೇ ಸಾಕು.

ಇನ್ನು ಪ್ಯಾಡ್. ರೆಕ್ಸಿನ್ ಹರಿದಿಲ್ಲ ಅಂದರೆ ದಯವಿಟ್ಟು ಅದನ್ನೇ ಉಳಿಸಿ. ಹಳೇ ರೆಕ್ಸಿನ್ ಮೇಲಿನ ಒತ್ತಿದ ಗೆರೆಗಳು ಹೊಸದರಲ್ಲಿ ಸಿಗಲ್ಲ. ನಿಮ್ಮ ತಂದೆಯವರ ಮೊಣಕೈ ಊರಿದ ಜಾಗ ಅದು, ಬಾಗಿಲಿನ ಮಟ್ಟಿಗೆ ಗಾಡಿಯ ಗುರುತೇ ಅದರಲ್ಲಿದೆ. ಹೇರ್ ಡ್ರೈಯರ್ ಬಿಸಿಯಲ್ಲಿ ಅಂಚಿನಿಂದ ನಿಧಾನಕ್ಕೆ ಬಿಡಿಸಿ. ಉಬ್ಬಿದ ಬೋರ್ಡನ್ನೇ ಅಳತೆಗೆ ಇಟ್ಟು ಅದೇ ದಪ್ಪದ ಹೊಸ ಹಾರ್ಡ್‌ಬೋರ್ಡ್ ಕತ್ತರಿಸಿ, ಕ್ಲಿಪ್ ತೂತುಗಳನ್ನ ಬಾಗಿಲಿನ ತೂತಿಗೇ ಹಿಡಿದು ಗುರುತು ಮಾಡಿ, ಹಳೇ ಬೋರ್ಡು ಉಬ್ಬಿ ಅಳತೆ ತಪ್ಪಿರುತ್ತೆ. ಎರಡೂ ಮೈಗೆ, ಅಂಚಿಗೆ, ತೂತಿನ ಒಳಗೂ ಎರಡು ಕೈ ವಾರ್ನಿಷ್ ಕೊಡಿ. ಆಮೇಲೆ ಫೆವಿಕಾಲ್ ಎಸ್‌ಆರ್ 998 ಥರದ ಅಂಟನ್ನ ಬೋರ್ಡು, ರೆಕ್ಸಿನ್ ಎರಡಕ್ಕೂ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಹಸಿಯಲ್ಲಿ ಒತ್ತಿದರೆ ಬಿಸಿಲಿಗೆ ಮತ್ತೆ ಏಳುತ್ತೆ.

ಪ್ಲಾಸ್ಟಿಕ್ ಹಾಳೆ ಮರೆಯಬೇಡಿ. ದಪ್ಪ ಪಾಲಿಥೀನ್ ಹಾಳೆ ತಗೊಂಡು, ಸುತ್ತ ಬ್ಯುಟೈಲ್ ಟೇಪಲ್ಲಿ (ಮೆತ್ತಗಿನ ಅಂಟು ರಬ್ಬರ್ ಟೇಪು) ತಗಡಿಗೆ ಅಂಟಿಸಿ. ಹಾಳೆಯ ಕೆಳಗಿನ ಅಂಚನ್ನ ಬಾಗಿಲಿನ ಒಳಗಿನ ಕಿಂಡಿಯೊಳಕ್ಕೆ ತೂರಿಸಿ, ಹಾಳೆ ಮೇಲೆ ಬಿದ್ದ ನೀರು ಬಾಗಿಲಿನೊಳಗೇ ತೊಟ್ಟಿಕ್ಕಬೇಕು. ಅಂಚು ಹೊರಗೆ ಬಿಟ್ಟರೆ ಅದೇ ನೀರನ್ನ ನೇರ ಬೋರ್ಡಿಗೆ ತಂದು ಕೊಡುತ್ತೆ, ಹಾಳೆ ಇದ್ದೂ ಇಲ್ಲದ ಹಾಗೆ. ಮನೆಯಲ್ಲಿರುವ ಗೊಬ್ಬರದ ಚೀಲದ ಒಳಕವರ್ ಬಳಸಬೇಡಿ, ಅದರಲ್ಲಿ ಉಳಿದ ಗೊಬ್ಬರ ತೇವ ಎಳೆದು ತಗಡನ್ನ ತಿನ್ನುತ್ತೆ.

ರೂಫ್ ಲೈನಿಂಗ್ ಕೂಡ ತೆಗೀಲಾ ಅಂತ ಕೊನೆಗೆ ಕೇಳಿದ್ದೀರಿ. ಈಗ ಬೇಡ. ಸರಿಯಾಗಿ ಮಾಡಬೇಕು ಅಂದರೆ ಮುಂದಿನ, ಹಿಂದಿನ ಗಾಜೇ ಬಿಚ್ಚಬೇಕು, ಒಳಗಿನ ಕಂಬಿಗಳನ್ನ ಅದೇ ಕ್ರಮದಲ್ಲಿ ವಾಪಸ್ ಹಾಕಬೇಕು. ಗಾಜಿನ ರಬ್ಬರ್ ಬದಲಾಯಿಸುವ ದಿನ ಬಂದರೆ ಅದರ ಜೊತೆಗೇ ಮಾಡಿ.

ಮೊದಲು ಡ್ರೈವರ್ ಬಾಗಿಲೊಂದನ್ನೇ ಮುಗಿಸಿ, ಉಳಿದವನ್ನ ಹಾಗೇ ಬಿಡಿ, ಯಾವುದು ಹೇಗಿತ್ತು ಅಂತ ಅನುಮಾನ ಬಂದರೆ ಪಕ್ಕದ ಬಾಗಿಲು ನೋಡಬಹುದು. ಕ್ಲಿಪ್ ತುಕ್ಕು ಹಿಡಿದು ಮುರಿದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಗಾಡಿ ಸಾಮಾನಿನ ಅಂಗಡಿಗಳಲ್ಲಿ ಹಳೇದೊಂದನ್ನ ತೋರಿಸಿ ಕೇಳಿ, ಬರೀ ಹೆಸರು ಹೇಳಿದರೆ ಬೇರೆ ಅಳತೆಯದು ಕೊಡ್ತಾರೆ. ನನ್ನ ಹತ್ತಿರವೂ ಸ್ವಲ್ಪ ಉಳಿದಿವೆ. ಪ್ಯಾಡ್ ತೆಗೆದ ಮೇಲೆ ಬಾಗಿಲಿನ ತಳದ ಫೋಟೋ, ಒಂದು ಕ್ಲಿಪ್ಪನ್ನ ಸ್ಕೇಲ್ ಪಕ್ಕ ಇಟ್ಟ ಫೋಟೋ ಇಲ್ಲಿ ಹಾಕಿ. ಅಳತೆ ಕೂಡಿದರೆ ಮೈಸೂರಿಂದ ಮಂಡ್ಯಕ್ಕೆ ಬರೋರ ಕೈಲಿ ಕಳಿಸಿಕೊಡ್ತೀನಿ.