ಮೂಗಿನ ರಕ್ತ: ತಲೆ ಹಿಂದಕ್ಕೆ ಬಾಗಿಸಬೇಡಿ

ಮಗುವಿಗೆ ಪದೇಪದೇ ಮೂಗಿನಿಂದ ರಕ್ತ ಬರುತ್ತದೆ, ತಲೆ ಹಿಂದಕ್ಕೆ ಬಾಗಿಸಿ ಹಿಡಿದೆವು, ಆಮೇಲೆ ರಕ್ತ ವಾಂತಿ ಮಾಡಿತು ಅಂತ ಪೋಷಕರೊಬ್ಬರು ಕೇಳಿದ್ದಾರೆ. ವಾಂತಿ ಆಗಿದ್ದು ಬಹುಶಃ ತಲೆ ಹಾಗೆ ಬಾಗಿಸಿದ್ದರಿಂದಲೇ. ರಕ್ತ ಗಂಟಲಿಗಿಳಿದು ಹೊಟ್ಟೆ ಸೇರುತ್ತದೆ.

ಮಗುವನ್ನು ನೆಟ್ಟಗೆ ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ. ಮೂಗಿನ ಎಲುಬಿನ ಕೆಳಗಿನ ಮೆತ್ತನೆಯ ಭಾಗವನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯಿರಿ. ಬಾಯಲ್ಲಿ ಉಸಿರಾಡಲಿ, ಬಾಯಿಗೆ ಬಂದ ರಕ್ತ ಉಗುಳಲಿ. ಪೂರ್ತಿ 10 ನಿಮಿಷ, ಗಡಿಯಾರ ನೋಡಿಕೊಂಡೇ. ನಿಂತಿತಾ ಅಂತ ನಡುವೆ ಕೈ ಬಿಡಬೇಡಿ, ನಾನೂ ಮೊದಲು ಎಡವಿದ್ದು ಇಲ್ಲೇ. ನಿಲ್ಲದಿದ್ದರೆ ಇನ್ನೊಂದು 10 ನಿಮಿಷ. ಆಗಲೂ ನಿಲ್ಲದಿದ್ದರೆ, ಅಥವಾ ತಲೆಗೆ ಪೆಟ್ಟಾದ ಮೇಲೆ ಶುರುವಾಗಿದ್ದರೆ, ಸುಮ್ನೆ ಕಾಯದೆ ಆಸ್ಪತ್ರೆಗೆ ಹೋಗಿ.

ಪದೇಪದೇ ಬರುವುದು ಒಣ ಗಾಳಿಯಿಂದಲೋ ಮೂಗಿಗೆ ಬೆರಳು ಹಾಕುವುದರಿಂದಲೋ ಇರಬಹುದು. ಡಾಕ್ಟರ್ ನೋಡಿಯೇ ಹೇಳಬೇಕು. ಈ ಹಿಡಿತವನ್ನು ಮನೆಯ ದೊಡ್ಡವರೆಲ್ಲ ಇವತ್ತೇ ಒಮ್ಮೆ ಮಾಡಿ ನೋಡಿ. ಗಾಬರಿಯಲ್ಲಿ ಓದಿದ್ದು ನೆನಪಿಗೆ ಬರುವುದಿಲ್ಲ.