ಕುಕ್ಕರಹಳ್ಳಿ ಕೆರೆಯ ಎರಡು ಕೆಂಪು ಏರೋಪ್ಲೇನ್ ಚಿಟ್ಟೆಗಳು ಒಂದೇ ಜಾತಿನಾ?

ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ ಕಂಡ ಎರಡು ಏರೋಪ್ಲೇನ್ ಚಿಟ್ಟೆಗಳ (ಡ್ರ್ಯಾಗನ್‌ಫ್ಲೈ) ಬಗ್ಗೆ ಕೇಳಿ, ಒಂದು ಗುಲಾಬಿ ಬೆರೆತ ಕೆಂಪು, ಇನ್ನೊಂದು ರಕ್ತಗೆಂಪು ಅಂತ ಬರೆದಿದ್ದೀರಿ. ಹಾಗಿದ್ದರೆ ಬೇರೆ ಬೇರೆ ಜಾತಿ ಇರುವ ಸಾಧ್ಯತೆಯೇ ಜಾಸ್ತಿ. ಆದರೆ ಬಣ್ಣ ಒಂದನ್ನೇ ನಂಬಬೇಡಿ. ಬಿಸಿಲು, ಹುಳದ ವಯಸ್ಸು, ಮೊಬೈಲ್ ಕ್ಯಾಮೆರಾ ಮೂರೂ ಸೇರಿ ಕೆಂಪನ್ನು ಹೇಗೆ ಬೇಕಾದರೂ ತೋರಿಸುತ್ತವೆ.

ನಿಮ್ಮ ಫೋಟೋ ಹಿಗ್ಗಿಸಿ ಮೊದಲು ರೆಕ್ಕೆಯ ನರಗಳನ್ನು ನೋಡಿ. ನರಗಳೂ ಕೆಂಪಾಗಿದ್ದು, ಕಾಲು ಕಪ್ಪಗಿದ್ದರೆ ಅದು ಗಂಡು ಕ್ರಿಮ್ಸನ್ ಮಾರ್ಶ್ ಗ್ಲೈಡರ್. ನರಗಳಲ್ಲಿ ಅಷ್ಟು ಕೆಂಪಿಲ್ಲ, ಕಾಲು ಕೆಂಪು, ಬಾಲದ ಮೇಲೆ ಉದ್ದಕ್ಕೂ ತೆಳುವಾದ ಕಪ್ಪು ಗೆರೆ ಇದೆ ಅಂದರೆ ರಡ್ಡಿ ಮಾರ್ಶ್ ಸ್ಕಿಮ್ಮರ್. ಆ ಗೆರೆ ಪಕ್ಕದಿಂದ ತೆಗೆದ ಫೋಟೋದಲ್ಲಿ ಕಾಣುವುದೇ ಇಲ್ಲ, ಯಾವ ಜಾತಿ ಅನ್ನುವ ಜಗಳ ಶುರುವಾಗುವುದೇ ಅಲ್ಲಿ! ರೆಕ್ಕೆಯ ಬುಡದ ಜೇನು ಬಣ್ಣದ ಕಲೆ ಎರಡಕ್ಕೂ ಇರುತ್ತದೆ, ಅದರ ಮೇಲೆ ತೀರ್ಮಾನ ಮಾಡಬೇಡಿ. ಬಾಲದ ತುದಿಯ ಹತ್ತಿರ ಮೇಲ್ಭಾಗದಲ್ಲಿ ಕಪ್ಪು ಮಚ್ಚೆ ಕಂಡರೆ ಮೂರನೆಯದೊಂದಿದೆ, ಗ್ರೇಟರ್ ಕ್ರಿಮ್ಸನ್ ಗ್ಲೈಡರ್.

ಸ್ಕಿಮ್ಮರ್‌ನಲ್ಲಿ ಹೆಣ್ಣೂ ಹಳದಿ, ಎಳೆಯ ಗಂಡೂ ಹಳದಿ. ಕಪ್ಪು ಗೆರೆ ಮಾತ್ರ ಆಗಲೂ ಇರುತ್ತದೆ.

ಮಂಡ್ಯದ ಗದ್ದೆ ಬದುವಿನಲ್ಲಿ ಕಂಡ, ಸೂಜಿಯಷ್ಟು ಸಣ್ಣ, ರೆಕ್ಕೆ ಮಡಚಿ ಕೂತಿದ್ದ ನೀಲಿ ತುದಿಯದನ್ನೂ ಕೇಳಿದ್ದೀರಿ ಅಲ್ವಾ? ಅದು ಡ್ಯಾಮ್ಸೆಲ್‌ಫ್ಲೈ, ಅಂದರೆ ಏರೋಪ್ಲೇನ್ ಚಿಟ್ಟೆಯ ತೆಳ್ಳಗಿನ ಹತ್ತಿರದ ನೆಂಟ. ಎರಡು ಕಣ್ಣುಗಳ ನಡುವೆ ಎಷ್ಟು ಅಂತರ ಇದೆ ನೋಡಿ, ಅನುಮಾನ ಉಳಿಯುವುದಿಲ್ಲ. ಬಾಲದಲ್ಲಿ ಕಬ್ಬಿನ ಗೆಣ್ಣಿನ ಹಾಗೆ 10 ಭಾಗ ಇರುತ್ತವೆ. ಮುಂದಿನಿಂದ ಎಣಿಸಿದರೆ ಲೆಕ್ಕ ತಪ್ಪುತ್ತದೆ, ತುದಿಯಿಂದ ಹಿಂದಕ್ಕೆ ಎಣಿಸಿ: 10, 9, 8. ಬಾಲದ ಮೇಲೆಲ್ಲ ಕಪ್ಪು, 8ನೆಯದು ಮಾತ್ರ ಪೂರ್ತಿ ನೀಲಿ ಇದ್ದರೆ ಗಂಡು ಸೆನೆಗಲ್ ಗೋಲ್ಡನ್ ಡಾರ್ಟ್‌ಲೆಟ್. ಬಾಲ ಹಳದಿಯಾಗಿದ್ದು ತುದಿಯ ಹತ್ತಿರ ನೀಲಿ ಇದ್ದರೆ ಗೋಲ್ಡನ್ ಡಾರ್ಟ್‌ಲೆಟ್. ಹೆಸರು ಇಟ್ಟವರಿಗೆ ನಮ್ಮ ಮೇಲೆ ಏನು ಕೋಪವೋ!

ಸುಮ್ನೆ ಒಂದು ಫೋಟೋ ತೆಗೆದು ಬರಬೇಡಿ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಕಾಲು ಕಾಣುವ ಹಾಗೆ ಇರಲಿ. ಹಾರಿ ಹೋಯಿತು ಅಂತ ಅಟ್ಟಿಸಿಕೊಂಡು ಹೋಗಬೇಡಿ. ಈ ಕೆಂಪು ಗಂಡುಗಳು ಒಂದು ಸುತ್ತು ಹಾಕಿ ಅದೇ ಕಡ್ಡಿಗೆ ವಾಪಸ್ ಬಂದು ಕೂರುವುದೇ ಹೆಚ್ಚು.